ಒಬ್ಬರೇ ಇರುವಾಗ ಮೊಬೈಲ್ ನೋಡದೆ, ಊಟದ ಮೇಲೆ ಗಮನವಿಟ್ಟು ಉಣ್ಣುವುದು ಹೇಗೆ?

ತಟ್ಟೆ ಖಾಲಿಯಾದದ್ದೇ ಗೊತ್ತಾಗುವುದಿಲ್ಲ ಎಂದು ಬರೆದಿದ್ದೀರಿ. ನನಗೂ ಬೆಂಗಳೂರಿಗೆ ಬಂದ ಮೇಲೆ 3 ವರ್ಷ ಹೀಗೇ ಆಯಿತು. ರಾತ್ರಿ 9ಕ್ಕೆ ಮನೆಗೆ ಬಂದು ಕುಕ್ಕರ್ ಇಡುವುದು, ಬಲಗೈಯಲ್ಲಿ ಅನ್ನ ಸಾರು, ಎಡಗೈಯಲ್ಲಿ ಮೊಬೈಲ್.

ನನಗೆ ದಾರಿ ಸಿಕ್ಕಿದ್ದು ಅಜ್ಜನಿಂದ. ಅಜ್ಜ ಊಟಕ್ಕೆ ಕೂತರೆ ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡುತ್ತಿದ್ದರು. ಪಕ್ಕದಲ್ಲಿ ಒಂದಿಷ್ಟು ಅಗುಳನ್ನು ಅರ್ಪಣೆಯಾಗಿ ಇಡುತ್ತಿದ್ದರು, ಅದು ಚಿತ್ರಾಹುತಿ. ಆಮೇಲೆ ಎಡಗೈ ಬೆರಳನ್ನು ಎಲೆಯ ಮೇಲೆ ಊರಿ, ತುಪ್ಪದ ಅನ್ನವನ್ನು ಐದು ಸಲ ಚೂರುಚೂರೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ದೇಹದೊಳಗಿನ ಐದು ವಾಯುಗಳು, ಒಂದೊಂದಕ್ಕೆ ಒಂದು ತುತ್ತು. ಹಲ್ಲಿಗೆ ತಾಗಿಸದೆ ನುಂಗಬೇಕು. ಐದೂ ಮುಗಿಯುವ ತನಕ ಮಾತಿಲ್ಲ, ಎಡಗೈ ಎಲೆ ಬಿಡುವ ಹಾಗಿಲ್ಲ. ಹೊಟ್ಟೆಯೊಳಗಿನ ಬೆಂಕಿಗೆ ಕೊಡುವ ಆಹುತಿ ಅದು, ಎನ್ನುತ್ತಿದ್ದರು.

ಒಂದು ರಾತ್ರಿ ಆ ಎಡಗೈ ನೆನಪಾಯಿತು. ಮೊಬೈಲ್ ಇರುವುದೂ ಅದೇ ಕೈಯಲ್ಲಿ, ಅಲ್ವಾ?

ನಾನು ಮಂತ್ರ ಹೇಳುವುದಿಲ್ಲ. ಎಡಗೈಯಿಂದ ತಟ್ಟೆಯ ಅಂಚು ಹಿಡಿದುಕೊಂಡು ಮೊದಲ ಐದು ತುತ್ತು ಸುಮ್ನೆ ತಿನ್ನುತ್ತೇನೆ, ಅಷ್ಟೇ. ಬಿಸಿ ಅನ್ನ, ಚಿಟಿಕೆ ಉಪ್ಪು, ತುಪ್ಪ. ಸಾರು ಆಮೇಲೆ. ಅಜ್ಜನ ಹಾಗೆ ನುಂಗದೆ ನಿಧಾನವಾಗಿ ಅಗಿಯುತ್ತೇನೆ. ಬರೀ ಅನ್ನ ಅಗಿಯುತ್ತಾ ಹೋದರೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಸಕ್ಕರೆ ಮಾಡುತ್ತದೆ ಎಂದು ಸ್ಕೂಲಿನಲ್ಲಿ ಓದಿದ್ದೆ. ನಾಲಿಗೆಗೆ ಗೊತ್ತಾಗಿದ್ದು ಈಗ.

ಮೊದಲ ವಾರ ಐದು ತುತ್ತೂ ಕಷ್ಟವಾಯಿತು. ಮೂರನೆಯದಕ್ಕೇ ಕೈ ಮೊಬೈಲ್ ಹುಡುಕುತ್ತಿತ್ತು. ಈಗ ಹೆಚ್ಚಿನ ದಿನ ಊಟ ಮುಗಿಯುವವರೆಗೂ ಅದರ ನೆನಪೇ ಬರುವುದಿಲ್ಲ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕಂತೆ. ಮೊದಲು ನಾನು ಅಷ್ಟರೊಳಗೆ ಎರಡು ಸಲ ಬಡಿಸಿಕೊಂಡು ಎದ್ದುಬಿಡುತ್ತಿದ್ದೆ.

ನಿಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲದಿದ್ದರೂ ಪರವಾಗಿಲ್ಲ. ಮುದ್ದೆ ಉಣ್ಣುವವರಾದರೆ ಇನ್ನೂ ಸುಲಭ. ಬಿಸಿ ಇರುವಾಗಲೇ ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ ನುಂಗಬೇಕು. ಬೇರೆ ಕಡೆ ನೋಡುತ್ತಾ ಕೂತರೆ ಆರಿ ಗಟ್ಟಿಯಾಗುತ್ತದೆ.

ಇನ್ನೊಂದು ಮಾತು. ನೀರು, ಉಪ್ಪಿನಕಾಯಿ, ಮೊಸರು ಎಲ್ಲ ಹತ್ತಿರ ಇಟ್ಟುಕೊಂಡೇ ಕೂರಿ. ಮಧ್ಯೆ ಎದ್ದರೆ ವಾಪಸ್ ಬರುವಾಗ ಮೊಬೈಲ್ ಕೈಗೆ ಬಂದಿರುತ್ತದೆ. ನಾನು ಅದನ್ನು ಚಾರ್ಜಿಗೆ ಹಾಕಿ ಮಲಗುವ ಕೋಣೆಯಲ್ಲೇ ಬಿಟ್ಟು ಬರುತ್ತೇನೆ.