ಲಂಟಾನ ತೆಗೆಯಿರಿ, ಆದರೆ ಒಂದೇ ಸಲ ಬೇಡ
ಮಡಿಕೇರಿಯ ನಿಮ್ಮ ಬಡಾವಣೆ ಪಾರ್ಕಿನಲ್ಲಿ ಹಾವಿನ ಭಯಕ್ಕೆ ಪೊದೆಯನ್ನೆಲ್ಲ ಸವರಿಬಿಡೋಣ ಅಂತಿದ್ದಾರೆ, ಹಕ್ಕಿಗಳ ಗತಿಯೇನು ಅಂತ ಕೇಳಿದ್ದೀರಿ. ದಯವಿಟ್ಟು ಪೂರ್ತಿ ಸವರಲು ಬಿಡಬೇಡಿ. ದಾರಿ, ಬೆಂಚು, ಮಕ್ಕಳಾಡುವ ಜಾಗದ ಸುತ್ತ ಹುಲ್ಲು ಗಿಡ್ಡವಾಗಿರಲಿ, ಹಾವಿದ್ದರೆ ಕಾಣುತ್ತದೆ.

ಹಿಂದಿನ ಇಳಿಜಾರಿನಲ್ಲಿ ಹಬ್ಬಿರುವ ಲಂಟಾನದ (ಹೊರದೇಶದಿಂದ ಬಂದ ಕಳೆ ಪೊದೆ) ವಿಷಯದಲ್ಲಿ ಮಾತ್ರ ಆತುರ ಬೇಡ. ಪಿಕಳಾರ ಹಕ್ಕಿ (ಬುಲ್‌ಬುಲ್) ಕೈಗೆಟಕುವ ಪೊದೆಯಲ್ಲೇ ಗೂಡು ಕಟ್ಟುತ್ತದೆ, ಬೇಸಿಗೆಯಲ್ಲಿ ಮರಿಗಳಿರುತ್ತವೆ. ಮಳೆಗಾಲದಲ್ಲಿ ಬುಡ ಕಿತ್ತರೆ ಮಣ್ಣು ಸಡಿಲವಾಗುತ್ತದೆ. ಇಳಿಜಾರು ಜಾರಿದರೆ ಏನಾಗುತ್ತದೆ ಅಂತ 2018ರ ಭೂಕುಸಿತದಲ್ಲಿ ಕೊಡಗು ನೋಡಿದೆ ಅಲ್ವಾ? ಹಾಗಾಗಿ ಮಳೆ ಬಿಟ್ಟ ಮೇಲೆ, ನವೆಂಬರ್ ಹೊತ್ತಿಗೆ, ಕಾಲುಭಾಗ ಲಂಟಾನ ತೆಗೆಯಿರಿ. ಮೇಲೆ ಕತ್ತರಿಸಿದರೆ ಇನ್ನೂ ಜಾಸ್ತಿ ಚಿಗುರುತ್ತದೆ, ಬುಡ ಸಮೇತ ಬರಬೇಕು. ಬರಿ ನೆಲಕ್ಕೆ ತರಗೆಲೆ ಹೊದಿಸಿ. ಜೂನಿನಲ್ಲಿ ಆ ಜಾಗದಲ್ಲಿ ಕೇಪಳ, ನೆಕ್ಕರಿಕ, ಕುಂಟುನೇರಳೆಯಂಥ ನಮ್ಮ ನೆಲದ ಹಣ್ಣಿನ ಗಿಡ ನೆಡಿ. ಅವು ಪೊದೆಯಾದ ಮೇಲೆಯೇ ಉಳಿದದ್ದಕ್ಕೆ ಕೈ ಹಾಕಿ.