ಸ್ಲೀವ್ ಆಪರೇಷನ್ ಆಗಿ ಎರಡು ತಿಂಗಳು, ಹೊರಗೆ ಬಿಡದ ಮಳೆ. ನಡೆಯೋದು ಎಲ್ಲಿ?

ನೀವು ಬರೆದದ್ದು ಇಷ್ಟು: ವಯಸ್ಸು 41, ಸಿದ್ದಾಪುರದ ಕಡೆ ತೋಟದ ಮನೆ, ಮೈಸೂರಲ್ಲಿ ಸ್ಲೀವ್ (ತೂಕ ಇಳಿಸೋಕೆ ಜಠರದ ಬಹುಭಾಗ ತೆಗೆಯುವ ಆಪರೇಷನ್) ಮಾಡಿಸಿ ಎರಡು ತಿಂಗಳಾಗಿದೆ. ಡಾಕ್ಟರು ‘ದಿನಾ ನಡೀರಿ’ ಅಂದಿದ್ದಾರೆ. ಏರು ಹತ್ತಿದರೆ ಏದುಸಿರು, ಇಳಿದರೆ ಮಂಡಿನೋವು, ಕೆಮ್ಮಿದರೆ ಮೂತ್ರ ಹನಿಯುತ್ತೆ. ಮನೆಯವರು ಸೋಮಾರಿತನ ಅಂತಾರೆ.

ಸೋಮಾರಿತನ ಅನ್ನೋದನ್ನ ಪಕ್ಕಕ್ಕಿಡಿ. ‘ದಿನಾ ನಡೀರಿ’ ಅನ್ನೋ ಮಾತು ಸಮತಟ್ಟಾದ ಊರಿಗೆ ಸರಿ. ಜುಲೈ ತಿಂಗಳ ಕೊಡಗಿನಲ್ಲಿ, ಗೇಟು ದಾಟಿದರೆ ಒಂದೋ ಏರು ಒಂದೋ ಇಳಿಜಾರು ಇರೋ ಕಡೆ, ಅದೊಂದೇ ಮಾತು ಸಾಲದು.

ಮೊದಲು ಉಸಿರಿನ ವಿಷಯ. ಮುಟ್ಟು ಇನ್ನೂ ನಿಂತಿಲ್ಲದ ಹೆಂಗಸರಿಗೆ ಈ ಆಪರೇಷನ್ ಆದಮೇಲೆ ರಕ್ತಹೀನತೆ ಬರೋದು ಬಹಳ ಸಾಮಾನ್ಯ. ತಿನ್ನೋದು ಕಡಿಮೆ, ಹೊಟ್ಟೆಯ ಆಮ್ಲ ಕಡಿಮೆ, ತಿಂಗಳು ತಿಂಗಳು ರಕ್ತ ಹೋಗೋದು ಮಾತ್ರ ಹಾಗೇ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು ತೋರಿಸೋ ಅಂಕಿ), ಬಿ12 ಮೂರನ್ನೂ ರಕ್ತಪರೀಕ್ಷೆಯಲ್ಲಿ ನೋಡಿಸಿ. ಹಿಮೋಗ್ಲೋಬಿನ್ ಒಂದೇ ನೋಡಿದರೆ ಖಾಲಿಯಾಗುತ್ತಿರೋ ದಾಸ್ತಾನು ಕಾಣೋದಿಲ್ಲ. ನಿಮ್ಮಂಥವರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ ಎಲಿಮೆಂಟಲ್ ಐರನ್ (ಮಾತ್ರೆಯಲ್ಲಿ ನಿಜವಾಗಿ ಇರೋ ಕಬ್ಬಿಣ) ಬೇಕು ಅನ್ನೋದು ಸಾಮಾನ್ಯ ಲೆಕ್ಕ. ಮಾತ್ರೆ ಹಾಳೆಯ ಹಿಂದೆ ಆ ಪದದ ಮುಂದಿರೋ ಅಂಕಿ ನೋಡಿ, ಮಾತ್ರೆಯ ಒಟ್ಟು ತೂಕವನ್ನಲ್ಲ. ನಮ್ಮ ಕಡೆ ಮಾಮೂಲಿ ತಪ್ಪು ಏನಂದ್ರೆ, ಎದ್ದ ಕೂಡಲೇ ಕಾಫಿ, ಕಾಫಿ ಜೊತೆಗೇ ಮಾತ್ರೆ. ಕಾಫಿ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡೋದಿಲ್ಲ. ಎರಡಕ್ಕೂ ಕನಿಷ್ಠ ಒಂದು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಮಾತ್ರೆಗೆ ಎರಡು ಗಂಟೆ.

ಆದರೆ ಕೂತಲ್ಲೇ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವಾದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಇದ್ಯಾವುದನ್ನೂ ಕಾಯಬೇಡಿ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚೆಕಪ್ಪಿಗೆ ಮೈಸೂರಿಗೆ ಹೋಗುವಾಗಲೂ ಗಂಟೆಗೊಮ್ಮೆ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿ.

ನಡಿಗೆ ಜಗಲಿಯಲ್ಲೇ ಆಗಲಿ. ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಸುತ್ತು ಎಣಿಸಬೇಡಿ, ಗಡಿಯಾರ ನೋಡಿ. ನಡೀತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅದೇ ಸರಿಯಾದ ವೇಗ. ಕಾಫಿ ಕಣ ಸಮತಟ್ಟಾಗಿದೆ ಅಂತ ಮಳೆಗಾಲದಲ್ಲಿ ಅಲ್ಲಿಗೆ ಇಳಿಯಬೇಡಿ, ಪಾಚಿ ಕಟ್ಟಿ ಜಾರುತ್ತೆ. ಬೆಳಗಿನ ಐದಕ್ಕೆ ತೋಟದ ರಸ್ತೆ ನಿಮ್ಮ ಕಡೆ ಆನೆಗಳದ್ದು, ಅದನ್ನ ನಿಮಗೆ ಹೇಳಬೇಕಾಗಿಲ್ಲ.

ನಡಿಗೆಗಿಂತ ನಾನು ಹೆಚ್ಚು ಒತ್ತಿ ಹೇಳೋದು ಕುರ್ಚಿ ವ್ಯಾಯಾಮ. ತೂಕ ಬೇಗ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ತೊಡೆಯ ಬಲ ಹೋದರೆ ಇಳಿಜಾರಿನ ಭಾರವೆಲ್ಲ ಮಂಡಿಗೆ. ಕೈ ಇಲ್ಲದ, ಸುಮಾರು 18 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನ ಗೋಡೆಗೆ ತಾಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ಅಂಚಿಗೆ ಬಂದು ಕೂತು, ಪಾದ ಸೊಂಟದಗಲ ಇಟ್ಟು, ಹಿಮ್ಮಡಿಯನ್ನ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಎದೆಯನ್ನ ಮುಂದಕ್ಕೆ ಬಾಗಿಸಿ, ಉಸಿರು ಬಿಡ್ತಾ ಎರಡು ಎಣಿಸೋದರೊಳಗೆ ಎದ್ದುನಿಲ್ಲಿ. ಕೂರುವಾಗ ನಾಲ್ಕು ಎಣಿಸಿ, ದೊಪ್ಪಂತ ಬೀಳಬೇಡಿ. ನಿಧಾನವಾಗಿ ಕೂರೋದರಲ್ಲೇ ಇದರ ಗುಟ್ಟು, ಗುಡ್ಡ ಇಳಿಯುವಾಗ ತೊಡೆ ಮಾಡೋದು ಅದೇ ಕೆಲಸವನ್ನ. ಎಂಟು ಸಲ, ಎರಡು ಸುತ್ತು, ದಿನ ಬಿಟ್ಟು ದಿನ. ಮಂಡಿ ಚುಚ್ಚಿದರೆ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ. ಸುಲಭ ಅನ್ನಿಸಿದ ಮೇಲೆ ಹನ್ನೆರಡು ಸಲ, ಮೂರು ಸುತ್ತು. ಜೊತೆಗೆ ಗೋಡೆಗೆ ಕೈಯಿಟ್ಟು ತಳ್ಳುವ ದಂಡ ಹತ್ತು.

ಪ್ರೋಟೀನ್ ಇಲ್ಲದೆ ಇದು ವ್ಯರ್ಥ. ದಿನಕ್ಕೆ 60–80 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6, ಬೇಯಿಸಿದ 100 ಗ್ರಾಂ ಮೀನಿನಲ್ಲಿ 20ರ ಆಸುಪಾಸು, ಕೋಳಿಯಲ್ಲಿ 25. ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಮೊದಲು ತಿಂದರೆ ಹೊಟ್ಟೆ ಅಲ್ಲೇ ತುಂಬಿತು. ಮೊದಲು ಮಾಂಸದ ತುಂಡು, ಆಮೇಲೆ ಜಾಗ ಇದ್ದರೆ ಕಡಂಬುಟ್ಟು. ಪಂದಿ ಕರಿಯಲ್ಲಿ ಕೊಬ್ಬಿಲ್ಲದ ತುಂಡು ಆರಿಸಿ.

ಮೂತ್ರ ಹನಿಯೋದಕ್ಕೆ ಹೆದರಿ ನೀರು ಕಡಿಮೆ ಮಾಡಿದ್ದೀರಾ? ಹಾಗಿದ್ದರೆ ತಲೆಸುತ್ತು, ಮಲಬದ್ಧತೆ ಎರಡೂ ಅದರಿಂದ ಬರಬಹುದು. ಒಂದೂವರೆ ಲೀಟರು ಗುಟುಕು ಗುಟುಕಾಗಿ ಕುಡಿಯಲೇಬೇಕು, ಊಟದ ಜೊತೆ ಅಲ್ಲ, ಅರ್ಧ ಗಂಟೆ ಬಿಟ್ಟು. ಬಿಪಿ, ಸಕ್ಕರೆ ಮಾತ್ರೆ ತಗೊಳ್ತಿದ್ದರೆ ಡೋಸು ಇಳಿಸಬೇಕಾಗಿರಬಹುದು, ಅದನ್ನೂ ಡಾಕ್ಟರನ್ನ ಕೇಳಿ. ಹನಿಯೋದಕ್ಕೆ ಮದ್ದು ಬೇರೆ: ಗ್ಯಾಸು, ಮೂತ್ರ ಎರಡನ್ನೂ ಒಟ್ಟಿಗೆ ತಡೆಹಿಡಿಯುವ ಹಾಗೆ ಒಳಗೆ ಬಿಗಿಹಿಡಿದು ಐದು ಸೆಕೆಂಡು, ಸಡಿಲಿಸಿ ಐದು ಸೆಕೆಂಡು; ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಪೃಷ್ಠ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡ್ತಾ ಅಭ್ಯಾಸ ಮಾಡಬೇಡಿ. ಕೆಮ್ಮು ಬರುತ್ತೆ ಅನ್ನುವಾಗ, ಕುರ್ಚಿಯಿಂದ ಏಳುವಾಗ ಮುಂಚೆಯೇ ಬಿಗಿಹಿಡಿಯಿರಿ. ಮೂರು ತಿಂಗಳು ಬಿಡದೆ ಮಾಡಿ. ತೂಕ ಇಳಿದ ಹಾಗೆ ಅದೂ ತಾನಾಗಿ ಹಗುರಾಗುತ್ತೆ.

ಮಳೆಗಾಲಕ್ಕೆ ಇನ್ನೊಂದು ಕಾಟ, ಅರೆ ಒಣಗಿದ ಬಟ್ಟೆ. ಹೊಟ್ಟೆಯ ಮಡಿಕೆ, ಎದೆಯ ಕೆಳಗೆ ತೇವ ನಿಂತರೆ ಚರ್ಮ ಕೆಂಪಾಗಿ ಉರಿಯುತ್ತೆ, ಆಮೇಲೆ ನಡೆಯೋ ಮನಸ್ಸೇ ಇರೋದಿಲ್ಲ. ಒತ್ತಿ ಒರೆಸಿ, ಮಡಿಕೆಯೊಳಗೆ ಒಣ ಹತ್ತಿ ಬಟ್ಟೆಯ ಪಟ್ಟಿ ಇಡಿ. ಪೌಡರ್ ಸುರಿದರೆ ಮುದ್ದೆ ಕಟ್ಟುತ್ತೆ ಅಷ್ಟೆ.

ತುಂಬಿದ ಗ್ಯಾಸ್ ಸಿಲಿಂಡರು, ಕಾಫಿ ಮೂಟೆ ಮುಟ್ಟಬೇಡಿ. ಮೊದಲ ಆರು ವಾರದ ಐದು ಕೆ.ಜಿ. ಮಿತಿ ಮುಗಿದಿದ್ದರೂ ಭಾರ ನಿಧಾನವಾಗಿ ಏರಬೇಕು. ಹೊಕ್ಕುಳ ಹತ್ತಿರದ ಗಾಯದ ಜಾಗ ಕೆಮ್ಮಿದಾಗ ಉಬ್ಬಿದರೆ ಸರ್ಜನ್‌ಗೆ ತೋರಿಸಿ.

ಮಳೆ ಬಿಟ್ಟಮೇಲೆ ಏರು ಶುರುಮಾಡಿ. ಐದು ನಿಮಿಷ ಹತ್ತಿ ವಾಪಸ್, ವಾರಕ್ಕೆ ಎರಡು ನಿಮಿಷ ಸೇರಿಸಿ. ಇಳಿಯುವಾಗ ನೇರ ಇಳಿಯದೆ ಅಡ್ಡಡ್ಡ, ಚಿಕ್ಕ ಹೆಜ್ಜೆಯಲ್ಲಿ. ಬಲ ಮಂಡಿ ನೋಯ್ತಿದ್ದರೆ ಕೋಲು ಎಡಗೈಯಲ್ಲಿರಲಿ. ಜಿಗಣೆಗೆ ಅಂತ ಹಾಕುವ ದೊಗಳೆ ಗಂಬೂಟಿನಲ್ಲಿ ಹಿಮ್ಮಡಿ ಜಾರಿ ಮಂಡಿ ತಿರುಚುತ್ತೆ, ಬಿಗಿಯಾಗಿ ಕೂರುವ ಅಳತೆಯದ್ದೇ ಕೊಳ್ಳಿ.