ಮಾರ್ಮಿ ನುಂಗಿಕೊಂಡ ಮಾತು

ಮಾನ್ಯರೇ,

ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಕಾದಂಬರಿಯನ್ನು ನಾಲ್ವರು ಹೆಣ್ಣುಮಕ್ಕಳ ತಾಯಿ ಮಾರ್ಮಿಯ ಬಾಯಿಂದ ಹೇಳಿಸಿರುವ ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆ ತಿಳಿಯಾಗಿದೆ, ಮೂಲವನ್ನು ಶ್ರದ್ಧೆಯಿಂದ ಓದಿದ್ದೀರಿ; ಆದರೆ ಮೂಲದಲ್ಲಿ ‘ಅವಳು’ ಎಂದಿದ್ದ ಕಡೆಯಲ್ಲೆಲ್ಲ ‘ನಾನು’ ಎಂದು ಬರೆದದ್ದಷ್ಟೇ ಇಲ್ಲಿ ಆಗಿರುವ ಕೆಲಸ. ಮಕ್ಕಳು ಕಂಡದ್ದನ್ನೇ ತಾಯಿಯೂ ಕಾಣುತ್ತಾಳೆ, ಅವರ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೂ ಬೀಳುವುದಿಲ್ಲ.

ಕ್ರಿಸ್ಮಸ್ ಬೆಳಗಿನ ಪ್ರಸಂಗವನ್ನೇ ನೋಡಿ. ಮೂಲದಲ್ಲಿ ಮಕ್ಕಳು ತಿಂಡಿಯ ಮುಂದೆ ಕಾದು ಕುಳಿತಿರುವಾಗ ತಾಯಿ ಹೊರಗಿನಿಂದ ಬರುತ್ತಾಳೆ, ಬೆಂಕಿಯಿಲ್ಲದ ಹಮ್ಮೆಲ್ ಮನೆಯಲ್ಲಿ ಬಾಣಂತಿಯನ್ನೂ, ಚಳಿಗೆ ಒಂದೇ ಹಾಸಿಗೆಯಲ್ಲಿ ಮುದುಡಿಕೊಂಡ ಆರು ಮಕ್ಕಳನ್ನೂ ಕಂಡು ಬಂದದ್ದನ್ನು ಹೇಳುತ್ತಾಳೆ, ನಿಮ್ಮ ತಿಂಡಿಯನ್ನು ಅವರಿಗೆ ಕೊಡುವಿರಾ ಎಂದು ಕೇಳುತ್ತಾಳೆ. ಆಲ್ಕಾಟ್ ಮಕ್ಕಳ ಜೊತೆ ಮನೆಯಲ್ಲೇ ಉಳಿದದ್ದರಿಂದ ತಾಯಿ ಹೊರಗೆ ಕಳೆದ ಹೊತ್ತು ಅವರ ಪುಟಗಳಲ್ಲಿ ಇಲ್ಲ. ಆ ಹೊತ್ತು ನಿಮ್ಮದು. ಹಸಿದ ತನ್ನ ಮಕ್ಕಳ ಬಟ್ಟಲಿಗೆ ಕೈಹಾಕಬೇಕೆಂದು ಆಕೆ ದಾರಿಯಲ್ಲಿ ಯಾವ ಹೆಜ್ಜೆಯಲ್ಲಿ ನಿರ್ಧರಿಸಿದಳು? ನೀವು ಅಧ್ಯಾಯವನ್ನು ಬಾಗಿಲು ತೆರೆಯುವಲ್ಲಿಂದ ಆರಂಭಿಸಿ, ಮಕ್ಕಳ ತ್ಯಾಗಕ್ಕೆ ಅವಳ ಕಣ್ಣು ತುಂಬಿಸಿ ಮುಗಿಸಿಬಿಟ್ಟಿದ್ದೀರಿ.

ಇದಕ್ಕಿಂತ ದೊಡ್ಡ ಲೋಪ ಮಗಳು ಬೆತ್‌ಳ ಕಾಯಿಲೆಯ ಭಾಗದಲ್ಲಿದೆ. ಯುದ್ಧಕ್ಕೆ ಹೋಗಿ ಕಾಯಿಲೆ ಬಿದ್ದ ಗಂಡನನ್ನು ನೋಡಿಕೊಳ್ಳಲು ವಾಷಿಂಗ್ಟನ್ನಿಗೆ ಹೊರಡುವ ತಾಯಿ, ಹಮ್ಮೆಲ್ ಮನೆಯವರನ್ನು ಮರೆಯಬೇಡಿ ಎಂದು ಹೇಳಿ ಹೋಗಿದ್ದಾಳೆ. ಆ ಮಾತನ್ನು ಪಾಲಿಸಿದವಳು ಬೆತ್ ಒಬ್ಬಳೇ. ಅಲ್ಲಿನ ಕೂಸು ಅವಳ ಮಡಿಲಲ್ಲೇ ಸಾಯುತ್ತದೆ, ಸ್ಕಾರ್ಲೆಟ್ ಜ್ವರ ಅವಳಿಗೂ ಅಂಟುತ್ತದೆ. ಮಗಳನ್ನು ಆ ಮನೆಗೆ ಕಳಿಸಿದ್ದು ತನ್ನದೇ ಮಾತು ಎಂಬುದು ತಾಯಿಗೆ ಹೊಳೆಯುವ ಗಳಿಗೆಗಾಗಿ ಪುಟ ತಿರುವುತ್ತಲೇ ಹೋದೆ. ನೀವು ಅದನ್ನು ಎರಡು ಸಾಲಿನಲ್ಲಿ ದಾಟಿ, ವಾಷಿಂಗ್ಟನ್ ನಗರದ ವರ್ಣನೆಗೆ ಆರು ಪುಟ ಕೊಟ್ಟಿದ್ದೀರಿ. ಆ ಆರು ಪುಟ ಬೇಡ.

ಇನ್ನು ಸಿಟ್ಟಿನ ವಿಷಯ. ಹೆಚ್ಚುಕಡಿಮೆ ದಿನವೂ ತನಗೆ ಸಿಟ್ಟು ಬರುತ್ತದೆ, ನಲವತ್ತು ವರ್ಷದಿಂದ ಅದನ್ನು ಹದ್ದಿನಲ್ಲಿಡಲು ಹೆಣಗುತ್ತಿದ್ದೇನೆ ಎಂದು ಮಾರ್ಮಿ ಮಗಳು ಜೋಗೆ ಹೇಳಿಕೊಳ್ಳುತ್ತಾಳೆ. ತಂದೆ ತುಟಿಯ ಮೇಲೆ ಬೆರಳಿಟ್ಟು ನೋಡಿದೊಡನೆ ತಾಯಿ ತುಟಿ ಬಿಗಿದುಕೊಂಡು ಎದ್ದುಹೋಗುತ್ತಿದ್ದುದನ್ನು ಜೋ ಆಗ ನೆನೆಯುತ್ತಾಳೆ. ಮಗಳಿಗೆ ಕಂಡದ್ದು ತುಟಿ. ತಾಯಿಗೆ ಮಾತ್ರ ಗೊತ್ತಿರುವುದು ಅದರ ಹಿಂದೆ ನಿಂತ ಮಾತು. ಗೆಳೆಯನೊಬ್ಬನಿಗೆ ನೆರವಾಗಲು ಹೋಗಿ ಗಂಡ ಆಸ್ತಿ ಕಳೆದುಕೊಂಡದ್ದು ಮೂಲದಲ್ಲೇ ಇದೆ, ಆ ಮಾತು ಅಲ್ಲಿಂದಲೇ ಹುಟ್ಟಿರಬಹುದು. ನೀವೋ ಆಕೆಯ ಕೈಲಿ ಇಂದಿನ ವಿಚಾರಸಂಕಿರಣದ ಭಾಷೆಯಲ್ಲಿ ಒಂದೂವರೆ ಪುಟ ಭಾಷಣ ಮಾಡಿಸಿದ್ದೀರಿ. (ಕಾದಂಬರಿಯಲ್ಲಿ ಭಾಷಣ ಕಂಡೊಡನೆ ಕೆಂಪು ಪೆನ್ಸಿಲು ಹುಡುಕುವುದು ನನ್ನ ಹಳೆಯ ಚಾಳಿ.) ನುಂಗಿದ ಒಂದೇ ಒಂದು ವಾಕ್ಯ ಸಿಕ್ಕರೆ ಸಾಕು, ಅದೂ ಆಕೆ ಬಾಯಿಬಿಟ್ಟು ಆಡದಿದ್ದರೆ ಇನ್ನೂ ಒಳ್ಳೆಯದು.

ಲೇಖಕಿಯ ತಾಯಿ ಅಬಿಗೈಲ್ ಬಗ್ಗೆ ನೀವು ಸೇರಿಸಿರುವ ಪ್ರಸಂಗಗಳನ್ನು, 1843ರ ಫ್ರೂಟ್‌ಲ್ಯಾಂಡ್ಸ್ ಎಂಬ ಸಾಮುದಾಯಿಕ ಬದುಕಿನ ಪ್ರಯೋಗವನ್ನೂ ಒಳಗೊಂಡಂತೆ, ತೆಗೆದುಬಿಡಿ. ಮಾರ್ಮಿಗೆ ಅಬಿಗೈಲ್ ಮೂಲಮಾದರಿ ಎಂಬುದು ನಿಜ, ಆದರೆ ಜೀವನಚರಿತ್ರೆಯ ತುಣುಕು ಪಾತ್ರದ ಮೇಲೆ ಬೇರೆ ಬಟ್ಟೆಯ ತೇಪೆಯಂತೆ ಕಾಣುತ್ತದೆ. ಅಬಿಗೈಲ್ ತೀರಿಕೊಂಡ ಮೇಲೆ ಆಕೆಯ ಇಚ್ಛೆಯಂತೆ ಲೂಯಿಸಾ ತಾಯಿಯ ದಿನಚರಿಗಳನ್ನು ನಾಶಮಾಡಿದ್ದರು ಎಂಬುದೊಂದನ್ನು ನೆನಪಿಟ್ಟುಕೊಂಡರೆ ನಿಮಗೆ ಹೆಚ್ಚು ಉಪಯೋಗವಾದೀತು.

ಇಡೀ ಹಸ್ತಪ್ರತಿಯನ್ನು ತಿದ್ದಿ ಕಳಿಸುವ ಅವಸರ ಬೇಡ. ಹಮ್ಮೆಲ್ ಮನೆಯಿಂದ ತನ್ನ ಮನೆಯ ಬಾಗಿಲಿನವರೆಗಿನ ನಡಿಗೆಯೊಂದನ್ನೇ ಹೊಸದಾಗಿ ಬರೆದು ಕಳಿಸಿ, ಖಂಡಿತ ಓದುತ್ತೇನೆ.

ಇತಿ,
ಸಂಪಾದಕ